ಹನ್ನೆರಡು ತಿಂಗಳ ಗುಲಾಬಿ

ದೀಪಾವಳಿ ಮುಗಿದು ಚಳಿ ಆಗಷ್ಟೇ ಕಾಲಿಟ್ಟಿತ್ತು. ಭಾನುವಾರ ಬೆಳ್ಳಿ ಮೂಡುವ ಹೊತ್ತಿಗೆ ಪದ್ಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಡಗೋಲು ಹಿಡಿದು, ಹಿತ್ತಲಿನ ಮೋಟುಗೋಡೆ ದಾಟಿದಳು.

ನಾಳೆಗೆ ಬನಹಟ್ಟಿಯ ಋಣ ತೀರುತ್ತದೆ. ಗಂಡ ರಾಚಪ್ಪನಿಗೆ ಮುಧೋಳದಲ್ಲಿ ನೌಕರಿ ಸಿಕ್ಕಿದೆ, ಟೆಂಪೋದವನಿಗೆ ಹೇಳಿಯಾಗಿದೆ. ಹೋಗುವ ಮೊದಲು ನೆಗೆಣ್ಣಿ ಅನಸವ್ವನ ಗುಲಾಬಿಯನ್ನು ಕೊಂದು ಹೋಗಬೇಕಿತ್ತು.

ಅದು ಅತ್ತೆ ಬೆಳೆಸಿದ ಗಿಡ. ಜಮಖಂಡಿ ಅರಮನೆಯ ತೋಟದಲ್ಲಿ ಮಾಲಿಯನ್ನು ಕಾಡಿ ಬೇಡಿ ಒಂದು ಕಡ್ಡಿ ತಂದು ಊರಿದ್ದಳಂತೆ. ಓಣಿಯ ಉಳಿದ ಗುಲಾಬಿಗಳು ವರ್ಷಕ್ಕೊಮ್ಮೆ ಅರಳಿ ಸುಮ್ಮನಾದರೆ ಇದು ಹನ್ನೆರಡು ತಿಂಗಳೂ ಅರಳುವ ಜಾತಿ. ತಿಳಿಗೆಂಪು, ಒತ್ತೊತ್ತು ಎಸಳು, ಮಗ್ಗದ ಕೋಣೆಗೂ ನುಗ್ಗುವ ಕಂಪು. ಮನೆ ಪಾಲಾದಾಗ ಅತ್ತೆ ಗಿಡವನ್ನು ಹಿರಿಸೊಸೆಗೆ ಕೊಟ್ಟಳು. ಕಿರಿಯವಳಾದ ಪದ್ಮವ್ವ ಕೇಳಿದ್ದಕ್ಕೆ, "ನಿನ್ನ ಕೈಯಾಗ ಹುಲ್ಲೂ ಬೆಳಿಯಂಗಿಲ್ಲ ಬಿಡ" ಎಂದಳು. ಆ ಮಾತು ಮುಳ್ಳಿನಂತೆ ಒಳಗೇ ಮುರಿದು ಉಳಿಯಿತು.

ಅಂದಿನಿಂದ ಪದ್ಮವ್ವ ನಸುಕಿನಲ್ಲಿ ಗೋಡೆ ದಾಟುತ್ತ ಬಂದಳು. ಅರಳಿದ್ದು, ಬಾಡಿದ್ದು, ಕೈಗೆ ಸಿಕ್ಕಿದ್ದನ್ನೆಲ್ಲ ದಂಟಿನ ಸಮೇತ ಕತ್ತರಿಸಿದಳು. ಗಿಡಕ್ಕೆ ಎಲ್ಲಿಯ ಮೊಂಡುತನವೋ, ಮತ್ತೆ ಚಿಗುರಿ ಮೊಗ್ಗು ಬಿಡುತ್ತಿತ್ತು. ಪ್ರತಿ ದೀಪಾವಳಿ ಮುಗಿಯುತ್ತಲೇ ಅನಸವ್ವ ಏನಾದರೂ ಜಗಳ ತೆಗೆಯುವಳು. ಪದ್ಮವ್ವ ಸಿಟ್ಟಿಗೆ ಕೊಂಬೆಗಳನ್ನೇ ಕಡಿಯುವಳು. ಆದರೂ ಸಂಕ್ರಾಂತಿಗೆ ಗಿಡ ಮೈತುಂಬ ಹೂ ಹೊತ್ತು ಅಣಕಿಸುತ್ತಿತ್ತು.

ಹಿತ್ತಲಿನ ಬೇರೆಲ್ಲ ಗೋಡೆಗಳ ಮೇಲೆ ಗಾಜಿನ ಚೂರು ಹಚ್ಚಿಸಿದ್ದ ಅನಸವ್ವ ಈ ಮೋಟುಗೋಡೆಗೆ ಮಾತ್ರ ಏನೂ ಮಾಡಿಸಿರಲಿಲ್ಲ. ಇಕಿಗೆ ನನ್ನ ಅಂಜಿಕೇನ ಇಲ್ಲ ಎಂದು ಪದ್ಮವ್ವನಿಗೆ ಅದಕ್ಕೂ ಉರಿ.

ಈ ಸಲದ ಜಗಳ ನಿನ್ನೆಯದು. ಒಣಹಾಕಿದ ಸೀರೆಗೆ ಅನಸವ್ವ ಬೇಕೆಂದೇ ರಾಡಿ ಸಿಡಿಸಿದ್ದಳು.

"ನೀ ಹೋಗೂದ ಛಲೋ ಆತ ಬೇ. ಪೀಡಾ ತೊಲಗತೈತಿ."

"ಹೋಗೂದ್ರಾಗ ನಿನ್ನ ಗಿಡಾ ಕಡದ ಹೋಗತೇನಿ ಅಕ್ಕಾ, ನೋಡ್ತಿರು!"

"ಕಡಿ ನೋಡೂಣು! ಮೊಣಕಾಲಿಗಿಂತ ಕೆಳಗ ಕುಡಗೋಲ ಹಚ್ಚಿದಿ ಅಂದ್ರ ಕೈ ಮುರೀತೇನಿ!"

ಈಗ ಪದ್ಮವ್ವನ ಕುಡಗೋಲು ಸರಸರನೆ ಆಡಿತು. ಗಿಡದ ಪಕ್ಕದಲ್ಲಿ ಒಂದು ಬುಟ್ಟಿ ಹಳೆಯ ಗೊಬ್ಬರ ಇತ್ತು. ಇನ್ನ ಯಾರಿಗೆ ಉಣಸ್ತಿ ಇದನ್ನ, ಎಂದು ಮನಸ್ಸಿನಲ್ಲೇ ನಕ್ಕಳು. ಕೊಂಬೆಗಳೆಲ್ಲ ಮೊಣಕಾಲೆತ್ತರಕ್ಕೆ ಇಳಿದವು. ಬುಡಕ್ಕೇ ಕೈ ಹಾಕಬೇಕೆಂದು ಬಗ್ಗಿದಳು.

ಕದ ಕಿರ್ರೆಂದಿತು. ಅನಸವ್ವ ಶಾಲು ಹೊದ್ದು, ಮುಖ ತೊಳೆದು, ಎಷ್ಟೋ ಹೊತ್ತಿನಿಂದ ಎದ್ದವಳಂತೆ ಹೊಸ್ತಿಲಲ್ಲಿ ನಿಂತಿದ್ದಳು. "ಸಾಕ ಬಿಡ ಬೇ ರಂಡೀ!" ಎಂದು ಚಂಬು ಬೀಸಿದಳು. ಮಗ್ಗದಲ್ಲಿ ಸವೆದು ಸೊಟ್ಟಗಾದ ಬೆರಳು, ಚಂಬು ಎತ್ತಲೋ ಬಿತ್ತು. ಪದ್ಮವ್ವ ಗೋಡೆ ಹಾರಿದಳು.

ಸೋಮವಾರ ಪದ್ಮವ್ವ ಹೊರಟಳು. ಟೆಂಪೋ ಹತ್ತಿ, ಗೋಡೆಯಾಚೆ ಕಣ್ಣು ಹಾಯಿಸಿದಳು. ಅನಸವ್ವ ಎದೆ ಬಡಿದುಕೊಂಡು ಅಳುತ್ತಿರಬೇಕೆಂದು ಆಸೆ. ಅನಸವ್ವ ಕುಕ್ಕರಗಾಲಲ್ಲಿ ಕುಳಿತು, ಕಡಿದ ಒಂದೊಂದು ತುದಿಗೂ ಅಂಗೈಯಿಂದ ಸೆಗಣಿ ಮೆತ್ತುತ್ತಿದ್ದಳು. ಬುಟ್ಟಿಯ ಗೊಬ್ಬರ ಆಗಲೇ ಬುಡ ಸೇರಿತ್ತು.

ಟೆಂಪೋದ ಸದ್ದಿಗೆ ಎದ್ದು ಬಂದಳು. ಕಣ್ಣು ಕೆಂಪಗಿದ್ದವು.

"ಹೊಂಟೇಬಿಟ್ಟಿ ಏನ ಹಾಳಾದಾಕಿ? ನನ್ನ ಕೈ ಸೊಟ್ಟಾಗಿ ಕತ್ತರಿ ಹಿಡಿಯಾಕ ಬರವಲ್ದು. ಬರೂ ದೀಪಾವಳಿಗೆ ಈ ಗಿಡಾ ಕಡಸಾಕ ಯಾರ ಜೋಡಿ ಜಗಳಾ ತಗೀಲಿ ನಾ?"