ಯಾವುದಕ್ಕೂ ಕೂರದ ಕಾರ್ಡು

ಆರೋಗ್ಯ ನಿರೀಕ್ಷಕನ ಕೈಯಿಂದ ಜಾರಿದ ಕ್ಯಾಮೆರಾ ಪಾತ್ರೆ ತೊಳೆದ ನೀರಿನ ಡ್ರಮ್ಮಿಗೆ ಬಿತ್ತು. ನೀರು ಎನ್ನುವುದು ಬಾಯಿಮಾತಿಗೆ. ಮೇಲೆ ಎರಡು ಬೆರಳು ದಪ್ಪದ ಜಿಡ್ಡು, ಅದರಲ್ಲಿ ಅಂಗಾತ ತೇಲುತ್ತಿದ್ದ ಜಿರಳೆಗಳು. ಸಹಾಯಕಿ ಉಸಿರು ಬಿಗಿಹಿಡಿದು ಭುಜದವರೆಗೂ ಕೈ ಇಳಿಸಿ ಕ್ಯಾಮೆರಾ ಎತ್ತಿದಳು.

"ಏನು ಸರ್, ಫೋಟೋ ನೋಡ್ತೀನಿ ಅಂತ ಇಸ್ಕೊಂಡ್ರಿ, ಸ್ವಲ್ಪ ಗಟ್ಟಿಯಾಗಿ ಹಿಡ್ಕೋಬಾರ್ದಿತ್ತಾ?"

"ಕೈ ನಡುಗಿಬಿಡ್ತಮ್ಮ."

ಸುಳ್ಳಲ್ಲ. ಆ ಅಡುಗೆಮನೆ ಕಂಡರೆ ಯಾರ ಕೈಯಾದರೂ ನಡುಗಬೇಕು. ಹಿಟ್ಟಿನ ಮೂಟೆಯಲ್ಲಿ ಇಲಿ ಹಿಕ್ಕೆ. ತರಕಾರಿ ಹೆಚ್ಚುವ ಹಲಗೆಯ ಪಕ್ಕದಲ್ಲೇ ಉಕ್ಕಿ ಹರಿಯುವ ಚರಂಡಿ. ಇಲ್ಲಿ ಬೆಂದ ಊಟ ತಿಂದು ಹಾಸ್ಟೆಲಿನ ನಲವತ್ತು ಹುಡುಗಿಯರು ಆಸ್ಪತ್ರೆ ಸೇರಿದ್ದರು. ಒಬ್ಬಳಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ನಿರೀಕ್ಷಕ ಹೊರಗೆ ಓಡಿ, ಗೋಡೆ ಹಿಡಿದು ವಾಂತಿ ಮಾಡಿಕೊಂಡ.

ಕ್ಯಾಮೆರಾ ಸತ್ತಿತ್ತು. ಒಳಗೆ ಫೋಟೋಗಳಿದ್ದ ಮೆಮೊರಿ ಕಾರ್ಡು ಬದುಕಿರಬಹುದು. ಸಹಾಯಕಿ ಅದನ್ನು ಒರೆಸಿ, ಲಕೋಟೆಗೆ ಹಾಕಿ, ಅರಗಿನ ಮೊಹರು ಒತ್ತಿ, ಮೂವರ ಸಹಿ ಹಾಕಿಸಿ, ರಿಜಿಸ್ಟರಿನಲ್ಲಿ ನಂಬರು ಬರೆದಳು. ವಿಚಾರಣೆಯ ದಿನ ಅಧಿಕಾರಿಯ ಎದುರಿನಲ್ಲೇ ಆ ಮೊಹರು ಒಡೆಯಬೇಕು. ಅದಕ್ಕೆ ಮೊದಲು ಮುಟ್ಟಿದವರ ನೌಕರಿ ಹೋದಂತೆಯೇ.

ಮರುದಿನ ಹೋದರೆ ಅಡುಗೆಮನೆಗೆ ಸುಣ್ಣ ಬಳಿದಾಗಿತ್ತು. ಮಿಕ್ಕಿದ್ದ ಊಟದ ಒಂದು ಅಗುಳೂ ಇರಲಿಲ್ಲ. ಗುತ್ತಿಗೆದಾರ, ಅಂಗಿಯ ಗುಂಡಿ ಕಿತ್ತುಬರುವಷ್ಟು ದಪ್ಪನೆಯ ಆಸಾಮಿ, ಹಲ್ಲು ಕಿರಿದ. "ಕೊಳಕಾ? ಎಲ್ಲಿ ಸಾರ್? ಫೋಟೋ ಇದ್ರೆ ತೋರ್ಸಿ."

ಲೈಸೆನ್ಸ್ ಇದ್ದದ್ದು ಅವನ ಹೆಸರಿನಲ್ಲಿ. ನಿಜವಾದ ಮಾಲೀಕರು ಬೇರೆ ಯಾರೋ, ಮರೆಯಲ್ಲಿದ್ದಾರೆ ಎಂದು ಕಚೇರಿಯಲ್ಲಿ ಗುಸುಗುಸು. ಫೋಟೋ ಕಂಡರೆ ಅವರೂ ಇವನೂ ಜೈಲಿಗೆ. ಕಾಣದಿದ್ದರೆ ಒಲೆ ಮತ್ತೆ ಉರಿಯುತ್ತದೆ, ಅದೇ ಹುಡುಗಿಯರು ಅದೇ ತಟ್ಟೆಯ ಮುಂದೆ ಕೂರಬೇಕು.

"ಕಾರ್ಡ್ ರೀಡರ್ ಹುಡುಕೋದು ನನಗೆ ಬಿಡು. ನೀನು ಆಸ್ಪತ್ರೆ ಕಡೆ ನೋಡ್ಕೋ," ಎಂದ ನಿರೀಕ್ಷಕ.

ಅಂಗಡಿಯಿಂದ ಅಂಗಡಿಗೆ ಅಲೆದ. ಸತ್ತ ಕ್ಯಾಮೆರಾ ತೋರಿಸಿದಲ್ಲೆಲ್ಲ ತಲೆ ಅಲ್ಲಾಡಿಸಿದರು. ಕೊನೆಗೆ ಒಂದು ಸಂದಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ರಿಪೇರಿಯವನು ಕ್ಯಾಮೆರಾ ನೋಡಿದವನೇ ಮುಖ ಸಿಂಡರಿಸಿದ.

"ಥೂ, ಈ ದರಿದ್ರ ಕಂಪನೀದಾ? ಪ್ರಪಂಚಕ್ಕೆಲ್ಲ ಒಂದು ಅಳತೆಯ ಕಾರ್ಡು, ಇವರಿಗೆ ಮಾತ್ರ ಬೇರೆ. ಇವರ ಕ್ಯಾಮೆರಾಗೆ ಇವರ ಕಾರ್ಡು, ಇವರ ಕಾರ್ಡಿಗೆ ಇವರದೇ ರೀಡರ್. ಇನ್ನೊಂದಕ್ಕೆ ಕೂರಲ್ಲ. ಜನರನ್ನ ಚೆನ್ನಾಗಿ ಹಿಂಡಿ, ಆಮೇಲೆ ತಯಾರಿಸೋದನ್ನೇ ನಿಲ್ಲಿಸಿ ಕೈ ತೊಳ್ಕೊಂಡ್ರು. ಅಸಹ್ಯ!" ಬೈಯುತ್ತಲೇ ಕೆಳಗಿನ ಖಾನೆ ತಡಕಾಡಿ ಧೂಳು ಹಿಡಿದ ರೀಡರ್ ಒಂದನ್ನು ಎತ್ತಿದ. "ಕಾರ್ಡ್ ಕೊಡಿ, ಹಾಕಿ ನೋಡೋಣ."

"ಮೊಹರಾಗಿದೆ. ಒಡೆಯೋ ಹಾಗಿಲ್ಲ."

"ನೋಡ್ದೇನೇ ತಗೋತೀರಾ?"

"ತಗೋತೀನಿ. ಇಂಥದ್ದು ಊರಲ್ಲಿ ಇನ್ಯಾರ ಹತ್ರ ಇರಬಹುದು?"

"ಯಾಕೆ, ಒಂದು ಸಾಲದಾ?"

"ಸಾಲದು."

ಇದು ಕೈಕೊಟ್ಟರೆ ಇನ್ನೊಂದಿರಲಿ ಎನ್ನುವ ಜಾಗರೂಕ ಮನುಷ್ಯ ಎಂದುಕೊಂಡ ರಿಪೇರಿಯವನು. ಸರ್ಕಾರಿ ನೌಕರರಲ್ಲೂ ಇಂಥವರಿದ್ದಾರಲ್ಲ ಎಂದು ಖುಷಿಯಾಗಿ, ಎಲ್ಲರಿಗೂ ಫೋನ್ ಮಾಡಿ ವಿಚಾರಿಸಿದ. ಇನ್ನು ಎರಡೇ ಎರಡು. ಬಾಗಿಲು ಮುಚ್ಚಿದ ಸ್ಟುಡಿಯೋದ ಮುದುಕನಲ್ಲಿ ಒಂದು, ಕಾಲೇಜಿನ ಫೋಟೋ ಕ್ಲಬ್ಬಿನಲ್ಲಿ ಒಂದು.

ಮುದುಕನದನ್ನೂ ತೆಗೆದುಕೊಂಡು ಕಚೇರಿಗೆ ಬಂದರೆ ಮೇಜಿನ ಮೇಲೆ ಅಕ್ಕ ಕಳಿಸಿದ ಊಟದ ಡಬ್ಬಿ. ತಾಯಿ ಹೋದ ಮೇಲೆ ನಿರೀಕ್ಷಕನನ್ನು ಸಾಕಿದವಳು ಈ ಅಕ್ಕನೇ. ಅವಳ ಮಾತನ್ನು ಅವನು ಒಮ್ಮೆಯೂ ಮೀರಿದವನಲ್ಲ. ಮುಚ್ಚಳ ತೆಗೆದ. ಡಬ್ಬಿಯನ್ನು ಹಾಗೇ ಕಸದ ಬುಟ್ಟಿಗೆ ಸುರಿದ.

ಸಂಜೆ ಅಕ್ಕನ ಫೋನ್.

"ಸಿಕ್ತೇನೋ?"

"ಎರಡು ಸಿಕ್ತು ಅಕ್ಕ. ಕಾಲೇಜಲ್ಲಿ ಇನ್ನೊಂದಿದೆಯಂತೆ."

"ಅದನ್ನೂ ಬಿಡಬೇಡ, ತಂದುಬಿಡು. ಆ ಹುಡುಗಿ ಕಣ್ಣು ಬಿಟ್ಲಾ?"

"ಇನ್ನೂ ಇಲ್ಲ."

"ಅಯ್ಯೋ ಪಾಪ," ಎಂದಳು ಅಕ್ಕ. ಅವನು ಫೋನ್ ಇಟ್ಟುಬಿಟ್ಟ.

ಮಾರನೆಯ ದಿನ ಮೂರನೆಯದೂ ಅವನ ಚೀಲ ಸೇರಿತು.

ಸೋಮವಾರ ವಿಚಾರಣೆ. ಸಹಾಯಕಿ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ನಿದ್ದೆಯಿಲ್ಲದೆ ಕಣ್ಣು ಕೆಂಪಗಿದ್ದವು. ಮೊಹರು ಒಡೆದರು. ಕಾರ್ಡು ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು. ಗುತ್ತಿಗೆದಾರ ಬೆವರು ಒರೆಸಿಕೊಂಡ.

"ಇದನ್ನ ನೋಡೋದು ಹೇಗ್ರೀ?" ಎಂದು ಕೇಳಿದರು ಅಧಿಕಾರಿ.

ನಿರೀಕ್ಷಕ ಎದ್ದು ನಿಂತ. "ಆಗೋದಿಲ್ಲ ಸರ್. ಊರೆಲ್ಲ ಜಾಲಾಡಿದೆ. ಈ ಕಾರ್ಡಿಗೆ ಕೂರೋ ರೀಡರ್ ಯಾವ ಅಂಗಡಿಯಲ್ಲೂ ಇಲ್ಲ."

"ಹೊರಗಿಂದ ತರಿಸೋಣ ಸರ್, ಸ್ವಲ್ಪ ಟೈಮ್ ಕೊಡಿ," ಎಂದು ಸಹಾಯಕಿ ಅಂಗಲಾಚಿದಳು.

"ಅಲ್ಲಿವರೆಗೆ ಹಾಸ್ಟೆಲಿಗೆ ಊಟ ನೀವು ಹಾಕ್ತೀರೇನಮ್ಮ? ಕಣ್ಣಿಗೆ ಕಾಣದ ಫೋಟೋ ನನಗೆ ಸಾಕ್ಷಿಯಲ್ಲ." ಅಧಿಕಾರಿ ಕಡತ ಮುಚ್ಚಿದರು.

ಸಹಾಯಕಿ ಹೊರಗೆ ಬಂದು ಕಣ್ಣೊರೆಸಿಕೊಂಡಳು. "ಬೇಜಾರು ಮಾಡ್ಕೋಬೇಡಿ ಸರ್. ನೀವಾದ್ರೂ ಎಷ್ಟು ಅಲೆದಾಡಿದ್ರಿ." ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ತನ್ನ ಮೈಯಿಂದಲೇ ಆ ಡ್ರಮ್ಮಿನ ನಾತ ಬರುತ್ತಿದೆ ಎನಿಸಿ ಹೇಸಿಗೆಯಾಯಿತು. ಕಾರಿಡಾರಿನ ತುದಿಗೆ ಹೋಗಿ ಫೋನ್ ಮಾಡಿದ.

"ಮುಗೀತು ಅಕ್ಕ."

"ಸದ್ಯ, ನಾನು ಬದುಕಿದೆ ಕಣೋ. ಆ ದಪ್ಪನವನಿಗೆ ಹೇಳಿಬಿಡು, ನಾಳೆ ಬೆಳಿಗ್ಗೆಯಿಂದಲೇ ನಮ್ಮ ಅಡುಗೆಮನೆ ಬಾಗಿಲು ತೆಗೀಲಿ."