ಪುಕ್ಕಟೆ ಹೊಲಿಗೆ

ಅಂಚೆಯಲ್ಲಿ ಬಂದ ಪೊಟ್ಟಣವನ್ನು ಬಿಚ್ಚುತ್ತಲೇ ದಂತವೈದ್ಯೆ ಮೆಟ್ಟಿಲಿಳಿದು ಬಂದಾಗ, ಕೆಳಗಿನ ಒಂದೇ ಬಾಗಿಲಿನ ಅಂಗಡಿಯಲ್ಲಿ ಟೈಲರಕ್ಕ ಹೊಲಿಗೆ ಯಂತ್ರದ ತಲೆಯನ್ನು ಮೇಜಿನಿಂದ ಬಿಡಿಸಿ ಹಳೆಯ ಹೊದಿಕೆಯಲ್ಲಿ ಸುತ್ತುತ್ತಿದ್ದಳು. ಪೊಟ್ಟಣದಲ್ಲಿ ಮೂವತ್ತು ಬಗೆಯ ಉಡುಪು ಹೊಲಿಯುವುದನ್ನು ಕಲಿಸುವ ಹೊಸ ಪುಸ್ತಕವೊಂದಿತ್ತು. ಜೊತೆಗೆ, ಸೂಜಿಯ ಕೆಳಗೆ ಸಿಕ್ಕಿಸುವ ಪುಟ್ಟ ಉಕ್ಕಿನ ಪಾದ. ಅದನ್ನು ಹಾಕಿ ಹೊಲಿದರೆ ಜಿಪ್ಪು ಹೊರಗೆ ಕಾಣುವುದೇ ಇಲ್ಲವಂತೆ. ಹೊಸದೇನು ತರಿಸಿದರೂ ಮೊದಲು ಟೈಲರಕ್ಕನಿಗೆ ತೋರಿಸಿ, ಬಳಸುವ ಬಗೆ ಕೇಳಿಕೊಂಡು ಹೋಗುವುದು ವೈದ್ಯೆಯ ರೂಢಿ.

ಯಂತ್ರ ರಿಪೇರಿಗೆ ಹೋಗುತ್ತಿದೆಯೇ ಎಂದು ಅವಳು ಕೇಳಿದಳು.

"ಇಲ್ಲ ಡಾಕ್ಟ್ರೇ, ಮಾರಿದೆ. ಸೋಮವಾರದಿಂದ ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗ್ತೀನಿ. ನನಗೆ ಶರ್ಟಿನ ಎಡಗೈ ತೋಳು ಕೊಟ್ಟಿದ್ದಾರೆ. ದಿನವೆಲ್ಲ ಎಡಗೈ ತೋಳೇ. ಬಲಗೈದು ಹೊಲಿಯೋಳು ಬೇರೆ."

ತಮಾಷೆಯೆಂದುಕೊಂಡು ವೈದ್ಯೆ ನಕ್ಕಳು. ಟೈಲರಕ್ಕ ನಗಲಿಲ್ಲ. ಹೊದಿಕೆಯ ನಾಲ್ಕು ತುದಿಗಳನ್ನು ಗಂಟುಹಾಕುತ್ತ, ಹೊಸ ಬಟ್ಟೆ ಹೊಲಿಸಲು ತನ್ನ ಹತ್ತಿರ ಯಾರೂ ಬರುತ್ತಿರಲಿಲ್ಲವೆಂದೂ, ಪ್ಯಾಂಟಿನ ಕಾಲು ಮಡಚಿ, ಜಿಪ್ಪು ಬದಲಿಸಿ, ಬಿಗಿಯಾದದ್ದನ್ನು ಸಡಿಲ ಮಾಡಿಯೇ ಇಷ್ಟು ವರ್ಷ ದಿನ ದೂಡಿದ್ದೆಂದೂ ಹೇಳಿದಳು. ಈಗ ಅದೂ ಬರುವುದಿಲ್ಲ.

ಆ ಕೆಲಸವೆಲ್ಲ ಎಲ್ಲಿಗೆ ಹೋಗುತ್ತಿದೆಯೆಂದು ವೈದ್ಯೆ ಕೇಳಬೇಕಾಗಿರಲಿಲ್ಲ. ಕಳೆದ ವರ್ಷ ಹೊಲಿಗೆಯ ಹುಚ್ಚು ಹಿಡಿದಾಗ ಅವಳು ಮೊದಲು ದಿಂಬಿನ ಚೀಲ ಹೊಲಿದಳು, ಆಮೇಲೆ ಪರದೆ. ವಾರವೆಲ್ಲ ಒಸಡು ಹೊಲಿದದ್ದು ಸಾಲದೆ ಭಾನುವಾರ ಬಟ್ಟೆಗೂ ಬಿಡುವು ಕೊಡಲ್ಲ ಎಂದು ಗಂಡ ತಮಾಷೆ ಮಾಡುತ್ತಿದ್ದ. ಮನೆಯಲ್ಲಿ ಹೊಲಿಯಲು ಏನೂ ಉಳಿಯದಿದ್ದಾಗ, ಕೈ ಪಳಗಲಿ ಎಂದು ಎದುರು ಮನೆಯವರ ಪ್ಯಾಂಟು ಇಸಕೊಂಡಳು. ನಾಲ್ಕನೇ ಮಹಡಿಯ ಅತ್ತೆ-ಸೊಸೆ ಇಬ್ಬರೂ ಬಂದರು. ಹಿಂದಿನ ಕಟ್ಟಡದವರಿಗೂ ಸುದ್ದಿ ಮುಟ್ಟಿತು. ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು ಅಂದರು ಎಲ್ಲರೂ. ಅವಳು ಯಾರಿಂದಲೂ ಬಿಡಿಗಾಸು ಮುಟ್ಟಲಿಲ್ಲ. ತನ್ನ ಒಳ್ಳೆಯತನದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಬಾಬಿನ್ನಿಗೆ ದಾರ ಸುತ್ತುವುದರಿಂದ ಹಿಡಿದು ಅಂಚು ಸೊಟ್ಟಗಾಗದಂತೆ ಬಟ್ಟೆ ನಡೆಸುವವರೆಗೆ ಎಲ್ಲವನ್ನೂ ಹೇಳಿಕೊಟ್ಟವಳು ಈ ಟೈಲರಕ್ಕನೇ. ಅವಳೂ ಬಿಡಿಗಾಸು ಮುಟ್ಟಿರಲಿಲ್ಲ.

"ನಿಮಗೆ ಗೊತ್ತಿತ್ತಾ?" ವೈದ್ಯೆಯ ದನಿ ಸಣ್ಣದಾಗಿತ್ತು.

"ಗೊತ್ತಾಗ್ದೆ ಇರುತ್ತಾ? ಜನ ಇದೇ ಬಾಗಿಲ ಮುಂದೆ ಓಡಾಡ್ತಾರೆ. ಪ್ಯಾಂಟಿನ ಅಂಚು ನೋಡಿದ್ರೆ ಸಾಕು, ನಾನು ಹೇಳಿಕೊಟ್ಟ ಹೊಲಿಗೆ ನನಗೆ ಗುರುತು ಸಿಗಲ್ವಾ?"

"ಒಂದು ಮಾತು ಹೇಳಬಹುದಿತ್ತಲ್ಲ ಅಕ್ಕ."

"ಏನಂತ ಹೇಳ್ಲಿ? ನೀವು ದುಡ್ಡು ತಗೊಂಡು ಮಾಡಿದ್ರೆ ನಾನು ಎರಡು ರೂಪಾಯಿ ಕಡಿಮೆ ಮಾಡಿ ಜಗಳಕ್ಕೆ ನಿಲ್ತಿದ್ದೆ. ಪುಕ್ಕಟೆ ಜೊತೆ ಯಾರು ಜಗಳ ಆಡ್ತಾರೆ?"

ವೈದ್ಯೆ ಇವತ್ತೇ ಎಲ್ಲರಿಗೂ ಹೇಳುತ್ತೇನೆ, ಇನ್ನು ಯಾರ ಬಟ್ಟೆಯನ್ನೂ ಮುಟ್ಟುವುದಿಲ್ಲ, ಅಂಗಡಿ ಮುಚ್ಚಬೇಡಿ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಟೈಲರಕ್ಕ ತಲೆಯಾಡಿಸಿದಳು; ಒಪ್ಪಿದ್ದೋ, ಮುಗಿಯಿತು ಅಂದದ್ದೋ ತಿಳಿಯಲಿಲ್ಲ. ಆಮೇಲೆ ಕೈಯೊರೆಸಿಕೊಂಡು, ವೈದ್ಯೆಯ ಮುಷ್ಟಿಯಲ್ಲಿದ್ದ ಉಕ್ಕಿನ ಪಾದವನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಜಿಪ್ಪಿನ ಹಲ್ಲು ಯಾವ ಕಾಲುವೆಯಲ್ಲಿ ಓಡಬೇಕೆಂದು ಉಗುರಿನಿಂದ ತೋರಿಸಿ, ನಿಧಾನವಾಗಿ, ಎರಡು ಸಲ ವಿವರಿಸಿ ವಾಪಸು ಕೊಟ್ಟಳು.

ವೈದ್ಯೆ ಮಾತಿಗೆ ತಪ್ಪಲಿಲ್ಲ. ಬಂದವರನ್ನೆಲ್ಲ ಕೈಮುಗಿದು ವಾಪಸು ಕಳಿಸಿದಳು. ಅವರಿಗೆ ಬೇಸರವಾಯಿತು, ದೊಡ್ಡಸ್ತಿಕೆ ಬಂತು ಎಂದು ಆಡಿಕೊಂಡರು. ಪ್ಯಾಂಟಿನ ಕಾಲಿಗೆ ಪಿನ್ನು ಚುಚ್ಚಿಕೊಂಡರೇ ವಿನಾ ಟೈಲರಕ್ಕ ಎಲ್ಲಿ ಹೋದಳೆಂದು ಒಬ್ಬರೂ ಕೇಳಲಿಲ್ಲ. ಅಂಗಡಿಯಲ್ಲಿ ಮೊಬೈಲ್ ಕವರುಗಳು ತೂಗತೊಡಗಿದವು. ವೈದ್ಯೆ ತನ್ನ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಳು.

ಏಳು ತಿಂಗಳ ನಂತರ ಟೈಲರಕ್ಕ ಕ್ಲಿನಿಕ್ಕಿಗೆ ಬಂದಳು. ದವಡೆ ಊದಿತ್ತು. ವೈದ್ಯೆ ಅವಳನ್ನು ಸಾಲಿನಿಂದ ಕರೆಸಿ ಕೂರಿಸಿ, ತಾನೇ ಕುತ್ತಿಗೆಗೆ ಬಟ್ಟೆ ಕಟ್ಟಿದಳು. ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದ ಟೈಲರಕ್ಕನ ಎರಡೂ ಕೈಗಳು ಮಡಿಲಲ್ಲಿ ಒಂದೇ ಅಳತೆಯಲ್ಲಿ ಸರಿದಾಡುತ್ತಿದ್ದವು, ಮುಂದಕ್ಕೆ ಸ್ವಲ್ಪ, ಆಮೇಲೆ ತಿರುವು, ಮತ್ತೆ ಮುಂದಕ್ಕೆ. ಅದು ಅವಳಿಗೇ ಗೊತ್ತಿದ್ದಂತಿರಲಿಲ್ಲ. ವೈದ್ಯೆ ನೋವಾಗದಂತೆ ಹಲ್ಲು ಕಿತ್ತಳು. ಅಷ್ಟು ಜತನದಿಂದ ಅವಳು ಯಾರ ಹಲ್ಲನ್ನೂ ಕಿತ್ತಿರಲಿಲ್ಲ.

ಎದ್ದು ನಿಂತ ಟೈಲರಕ್ಕ ಕೈಚೀಲ ತೆರೆದಾಗ ವೈದ್ಯೆ ಅವಳ ಕೈ ಹಿಡಿದುಕೊಂಡಳು. ಇಷ್ಟಾದರೂ ಮಾಡಲು ಬಿಡಿ, ನಿಮ್ಮಿಂದ ನಾನು ಹಣ ತೆಗೆದುಕೊಳ್ಳಲಾರೆ ಎಂದಳು.

ಟೈಲರಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡು, ಬಾಯಲ್ಲಿದ್ದ ಹತ್ತಿಯನ್ನು ಕೆನ್ನೆಗೆ ಸರಿಸಿ, ಹಣವನ್ನು ಮೇಜಿನ ಮೇಲಿಟ್ಟಳು.

"ಬೇಡ ಡಾಕ್ಟ್ರೇ. ಪಕ್ಕದ ಬೀದಿಲಿ ಇನ್ನೊಬ್ರು ಹಲ್ಲಿನ ಡಾಕ್ಟ್ರು ಹೊಸದಾಗಿ ಬೋರ್ಡು ಹಾಕಿದ್ದಾರೆ. ನೀವು ಪುಕ್ಕಟೆ ಕೀಳೋಕೆ ಶುರು ಮಾಡಿದ್ರೆ, ಪಾಪ, ಅವರು ಎಲ್ಲಿಗೆ ಹೋಗ್ತಾರೆ?"