ಕಣ್ಣು ಹೋದತ್ತ ಗಾಡಿ

"ಇಳಿಯೇ ಕೆಳಗೆ! ಇಳಿ ಅಂದ್ರೆ ಇಳಿ! ಹುಲ್ಲು ಕತ್ತರಿಸೋಕೆ ಬಂದಿದೀಯೋ, ನನ್ನ ಕಾಲು ಕತ್ತರಿಸೋಕೋ?"

"ಇಳಿಯಲ್ಲ! ನೀವು ಅಡ್ಡ ನಿಂತ್ಕೊಂಡ್ರೆ ನಾನೇನು ಮಾಡ್ಲಿ? ನೀವು ನನ್ನ ಗಂಡ ಅಂತ ಗಾಡಿಗೇನು ಗೊತ್ತು?"

ಮಾಲಿ ಹಿಂದಕ್ಕೆ ಹಾರಿದ್ದರಿಂದ ಉಳಿದುಕೊಂಡಿದ್ದ. ಹೆಂಡತಿ ಹುಲ್ಲು ಕತ್ತರಿಸುವ ಗಾಡಿಯ ಬ್ಲೇಡು ನಿಲ್ಲಿಸಿ, ಎಂಜಿನ್ ಆರಿಸಿ, ಬೆಲ್ಟು ಬಿಚ್ಚದೆ ಸೀಟಿನ ಮೇಲೆಯೇ ಮುಖ ಊದಿಸಿಕೊಂಡು ಕೂತಿದ್ದಳು. ಆಸ್ಪತ್ರೆಯ ಮುಂದಿನ ಆ ಹುಲ್ಲನ್ನು ಇಪ್ಪತ್ತೆರಡು ವರ್ಷ ಅವನೇ ಕತ್ತರಿಸಿದ್ದ. ಗಾಡಿಯ ನಡುಕ ಕುಡಿದು ಕುಡಿದು ಅವನ ಬೆರಳುಗಳು ಈಗ ಜೋಮು ಹಿಡಿದು ಕಟ್ಟಿಗೆಯ ಚೂರುಗಳಾಗಿದ್ದವು. ಗಾಡಿಯ ಲಿವರು ಕೈಯಲ್ಲಿದೆಯೋ ಇಲ್ಲವೋ ಎಂಬುದನ್ನು ಕಣ್ಣಿಂದ ನೋಡಿಯೇ ತಿಳಿಯಬೇಕು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸೂಪರ್‌ವೈಸರ್ ಬಂದು ಹೆಂಡತಿಯ ಕೈಯಲ್ಲಿ ಗಾಡಿ ಓಡಿಸಿ ನೋಡುತ್ತಾನೆ. ಒಪ್ಪಿಗೆಯಾದರೆ ಕೆಲಸ ಅವಳಿಗೆ. ಹಿತ್ತಲಿನ ಎರಡು ಕೋಣೆಯ ಕ್ವಾರ್ಟರ್ಸೂ ಉಳಿಯುತ್ತದೆ. ಇಲ್ಲವಾದರೆ ತಿಂಗಳೊಳಗೆ ಪಾತ್ರೆಪಗಡ ಕಟ್ಟಬೇಕು.

ಸ್ಟಿಯರಿಂಗ್ ಇಲ್ಲದ ಗಾಡಿ ಅದು. ಎರಡು ಕೈಗೆ ಎರಡು ಲಿವರು. ಎರಡನ್ನೂ ಸಮನಾಗಿ ತಳ್ಳಿದರೆ ಮುಂದಕ್ಕೆ, ಒಂದನ್ನು ಕೂದಲೆಳೆಯಷ್ಟು ಹೆಚ್ಚು ತಳ್ಳಿದರೆ ಓರೆ, ಒಂದು ಮುಂದೆ ಒಂದು ಹಿಂದೆ ಮಾಡಿದರೆ ನಿಂತಲ್ಲೇ ಬುಗುರಿ. ಒಂದು ವಾರ ಬ್ಲೇಡು ತಿರುಗಿಸದೆಯೇ ಅವಳ ಕೈಯಲ್ಲಿ ಓಡಾಡಿಸಿದ್ದ. ಹುಲ್ಲಿನೊಳಗಿನ ಕಲ್ಲು, ತಂತಿ ಎಲ್ಲ ಆಯಿಸಿದ್ದ. ಕೊಳದ ಕಡೆಯ ಇಳಿಜಾರಿಗೆ ಹಗ್ಗ ಕಟ್ಟಿ, ಇದರಾಚೆ ಇಳಿಸಿದರೆ ಗಾಡಿ ನಿನ್ನ ಮೇಲೇ ಮಗುಚುತ್ತೆ ಎಂದು ಬಾಯಿಪಾಠ ಮಾಡಿಸಿದ್ದ. ಅವಳು ಎಲ್ಲ ಕಲಿತಳು. ನೇರ ಹೋಗುವುದೊಂದು ಬರಲಿಲ್ಲ.

"ಅಲ್ರೀ, ಬ್ಲೇಡ್ ತಿರುಗ್ತಿರೋವಾಗ ಹುಲ್ಲಿನ ಮೇಲೆ ಒಂದು ನಾಯೀನೂ ಇರಬಾರದು ಅಂದವರು ನೀವೇ. ಮತ್ತೆ ನೀವ್ಯಾಕೆ ಇಲ್ಲಿ ನಿಂತಿದ್ರಿ?"

"ನಾನೇನು ನಾಯೀನಾ?"

"ನಾಯಿಯಾಗಿದ್ರೆ ಸದ್ದಿಗೇ ಓಡಿಹೋಗ್ತಿತ್ತು. ಅದಕ್ಕಿರೋ ಬುದ್ಧಿ..." ಉಳಿದದ್ದನ್ನು ಅವಳು ನುಂಗಿಕೊಂಡಳು.

ಬೈಗುಳ ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹುಲ್ಲಿನ ಮೇಲಿನ ಗೆರೆಗಳು ಕಣ್ಣಿಗೆ ಬಿದ್ದವು. ಬೆಳಿಗ್ಗೆಯಿಂದ ಅವಳು ಹೊಡೆದದ್ದು ಮೂರು ಸಾಲು. ಮೊದಲನೆಯದು ನಲ್ಲಿಯ ಕಡೆಗೆ ಬಾಗಿತ್ತು. ಆಗ ಅವನು ನಲ್ಲಿಯ ಹತ್ತಿರ ನಿಂತಿದ್ದ. ಎರಡನೆಯದು ಕಲ್ಲುಬೆಂಚಿನ ಕಡೆಗೆ. ಆಗ ಅವನು ಬೆಂಚಿನ ಪಕ್ಕದಲ್ಲಿದ್ದ. ಮೂರನೆಯದು ಸೀದಾ ಅವನ ಚಪ್ಪಲಿಯವರೆಗೂ ಬಂದಿತ್ತು.

"ಗಾಡಿ ಓಡಿಸೋವಾಗ ಎಲ್ಲಿ ನೋಡ್ತೀಯ ನೀನು?" ಅವನ ದನಿ ತಟ್ಟನೆ ಇಳಿಯಿತು.

"ನಿಮ್ಮ ಮುಖಾನ. ಇನ್ನೆಲ್ಲಿ ನೋಡ್ಲಿ? ಸರಿಯಾಗಿ ಹೋಗ್ತಿದೀನೋ ಇಲ್ವೋ ಅಂತ ನಿಮ್ಮ ಮುಖದಲ್ಲೇ ಅಲ್ವಾ ಗೊತ್ತಾಗೋದು?"

ಮದುವೆಯಾಗಿ ಇಪ್ಪತ್ತಾರು ವರ್ಷ. ಮಾಡಿದ ಅಡುಗೆಗೆ ಉಪ್ಪು ಸಾಕೋ ಬೇಕೋ ಎಂಬುದನ್ನೂ ಅವಳು ತನ್ನ ನಾಲಿಗೆಯಿಂದಲ್ಲ, ಅವನ ಮುಖದಿಂದಲೇ ತಿಳಿಯುತ್ತಿದ್ದಳು. ಅದು ಇವತ್ತಿನವರೆಗೆ ಅವನಿಗೆ ಹೊಳೆದಿರಲಿಲ್ಲ. ಈ ಗಾಡಿಯ ಮೇಲೆ ಕೂತವರ ಕಣ್ಣು ಎತ್ತ ಹೋಗುತ್ತದೋ ಕೈಯೂ ಅತ್ತಲೇ ವಾಲುತ್ತದೆ. ಊರಿಗೆಲ್ಲ ಹೇಳುವಷ್ಟು ಬುದ್ಧಿ ಇಟ್ಟುಕೊಂಡು ಇದೊಂದನ್ನು ಹೇಳಿಕೊಡಲು ಮರೆತಿದ್ದ. ಈಗ ಹೇಳಿಯೂ ಪ್ರಯೋಜನವಿಲ್ಲ. ತಾನು ಎದುರಿಗಿರುವ ತನಕ ಅವಳ ಕಣ್ಣು ಬೇರೆ ಕಡೆ ಹೋಗುವುದಿಲ್ಲ.

"ಆ ಕೊನೇಲಿ ದೀಪದ ಕಂಬ ಇದೆಯಲ್ಲ, ಅದನ್ನೇ ನೋಡು," ಎಂದ. "ಲಿವರ್‌ನ ಕೋಳಿಮರಿ ಹಿಡಿದ ಹಾಗೆ ಹಿಡಿ, ಹಿಸುಕಬೇಡ. ಗಾಬರಿಯಾದ್ರೆ ಜಗ್ಗಬೇಡ. ನಡುವಿಗೆ ತಂದು ಎರಡನ್ನೂ ಹೊರಕ್ಕೆ ಬಿಡಿಸು, ನಿಲ್ಲುತ್ತೆ. ಯಾರಾದ್ರೂ ಹುಲ್ಲಿಗೆ ಕಾಲಿಟ್ರೆ ಮೊದಲು ಬ್ಲೇಡ್ ನಿಲ್ಸು. ನಾನು ಹೊರಟೆ."

"ಎಲ್ಲಿಗೆ? ನಾಯಿ ಅಂದೆ ಅಂತ ಕೋಪಾನಾ?"

"ಹೂಂ. ಕೋಪ."

"ಅಯ್ಯೋ, ಬಾಯಿ ತಪ್ಪಿ ಬಂತು ಕಣ್ರೀ. ಇನ್ನೊಂದು ಸಾಲು ನೋಡಿ ಹೋಗಿ."

"ನೋಡಲ್ಲ."

"ನಾಳೆ ಒಂಬತ್ತಕ್ಕಾದ್ರೂ ಬರ್ತೀರಿ ತಾನೆ?"

"ಇಲ್ಲ."

ಹೊರಗೆ ಬಂದು ಗೇಟಿನ ಚಿಲಕ ಹಾಕಲು ಆ ಬೆರಳುಗಳಿಗೆ ಮೂರು ಸಲ ಬೇಕಾಯಿತು. ಹಿಂದೆ ಗಾಡಿ ಇನ್ನೂ ಹೊರಟಿರಲಿಲ್ಲ. ಅಳುತ್ತಿದ್ದಾಳೋ, ಶಪಿಸುತ್ತಿದ್ದಾಳೋ. ಕೊನೆಗೆ ಎಂಜಿನ್ ಗುರ್ ಎಂದಿತು, ಬ್ಲೇಡಿನ ಸದ್ದು ಏರಿತು. ಆಳೆತ್ತರದ ಗೋಡೆ, ಆಚೆ ಏನೂ ಕಾಣದು. ರಸ್ತೆಯ ಅಂಚಿನಲ್ಲಿ ನಿಂತು ಕಿವಿಗೊಟ್ಟ. ಸದ್ದು ಎಲ್ಲೂ ಮುಗ್ಗರಿಸದೆ ದೂರ ದೂರ ಹೋಯಿತು. ಈಗ ಕಂಬ ಬರಬೇಕು. ಈಗ ನಿಧಾನಿಸಬೇಕು. ನಿಧಾನಿಸಿತು. ಇನ್ನೀಗ ಮೆಲ್ಲಗೆ, ಮೆಲ್ಲಗೆ... ಸದ್ದು ತಿರುಗಿ ಅದೇ ನಡಿಗೆಯಲ್ಲಿ ಈ ಕಡೆ ಬರತೊಡಗಿತು.

ಚೀಲ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬಳು ಹೆಜ್ಜೆ ನಿಲ್ಲಿಸಿ ಅವನನ್ನೇ ನೋಡಿದಳು. ಆಗಲೇ ಅವನಿಗೂ ಕಂಡದ್ದು: ತನ್ನ ಎರಡೂ ಕೈಗಳು ಮುಂದಕ್ಕೆ ಚಾಚಿಕೊಂಡು, ಗಾಳಿಯಲ್ಲಿ ಇಲ್ಲದ ಲಿವರುಗಳನ್ನು ಹಿಡಿದು ನಿಂತಿದ್ದವು. ಮೊದಲು ಎಡಗೈ ಬಿಟ್ಟ. ಬಲಗೈ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎರಡನ್ನೂ ಜೇಬಿಗೆ ತುರುಕಿ, ಆ ಸದ್ದು ಕೇಳಿಸದಷ್ಟು ದೂರ ನಡೆದ.